ಹಣ್ಣುನೊಣದ ಘ್ರಾಣತಂತುಗಳು: ದಾರಿ ಮತ್ತು ನೆಲೆಯ ಪ್ರಶ್ನೆ

ಬೆಳೆಯುವ ನರತಂತುವಿನ ತುದಿಯಲ್ಲಿ ಅಂಗೈಯಂತೆ ಹರಡಿಕೊಂಡು ಮುನ್ನಡೆಯುವ 'ಬೆಳವಣಿಗೆಯ ಶಂಕು'ವನ್ನು ರಾಮೊನ್ ಇ ಕಹಾಲ್ 1890ರಲ್ಲಿ ಕೋಳಿಯ ಭ್ರೂಣದಲ್ಲಿ ಗುರುತಿಸಿದರು. ತಂತುವೂ ಅದರ ಗುರಿಯೂ ರಾಸಾಯನಿಕ ಗುರುತುಗಳಿಂದ ಪರಸ್ಪರ ಹೊಂದಿಕೊಳ್ಳುತ್ತವೆಂದು ರೋಜರ್ ಸ್ಪೆರಿ 1963ರಲ್ಲಿ ಪ್ರತಿಪಾದಿಸಿದರು. ತಂತುಗಳನ್ನು ಸೆಳೆಯುವ ನೆಟ್ರಿನ್ ಪ್ರೋಟೀನುಗಳು 1994ರಲ್ಲಿ ದೊರೆತವು. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಂತುಗಳು ತಲುಪುವ ನೆಲೆಯ ವಿನ್ಯಾಸವನ್ನು ರೂಪಿಸುವುದು ಬರುವ ತಂತುಗಳೋ, ಅಲ್ಲಿ ಮೊದಲೇ ಇರುವ ನರಕೋಶಗಳೋ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಬೆಂಗಳೂರಿನಲ್ಲಿರುವ ಅದರ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿಯೂ ದುಡಿದ ವೆರೋನಿಕಾ ರೊಡ್ರಿಗ್ಸ್ ಹಾಗೂ ಧನಿಷಾ ಝವೇರಿ 2002ರಲ್ಲಿ ಈ ಪ್ರಶ್ನೆಗೆ ಹಣ್ಣುನೊಣದಲ್ಲಿ ಉತ್ತರ ಹುಡುಕಿದರು. ವಾಸನೆಯನ್ನು ಗ್ರಹಿಸುವ ತಂತುಗಳು ಮೀಸೆಯಿಂದ ಮಿದುಳಿನ ಘ್ರಾಣಹಾಲೆಯನ್ನು ಸೇರಿ, ಸುಮಾರು 50 ಗುಂಡನೆಯ ಗುಚ್ಛಗಳಾಗಿ (ಇವುಗಳಿಗೆ ಗ್ಲೊಮೆರುಲಸ್ ಎಂದು ಹೆಸರು) ವಿಂಗಡಣೆಗೊಳ್ಳುತ್ತವೆ. ಮೊದಲು ಬಂದು ಸೇರುವವು ಅಟೋನಲ್ ಎಂಬ ವಂಶವಾಹಿಯಿಂದ ರೂಪುಗೊಂಡ ನರಕೋಶಗಳ ತಂತುಗಳು. ಆ ವಂಶವಾಹಿ ಕೆಟ್ಟ ನೊಣಗಳಲ್ಲಿ, ಅಮೋಸ್ ಎಂಬ ಇನ್ನೊಂದು ವಂಶವಾಹಿಯನ್ನು ಅವಲಂಬಿಸಿದ ತಂತುಗಳು ಕ್ರಮವಾಗಿ ಜೋಡಿಸಿಕೊಳ್ಳಲಾರವು, ಗುಚ್ಛಗಳೂ ಮೂಡವು. ಆದ್ದರಿಂದ ಮೊದಲು ಬಂದವುಗಳೇ ಮುಂದಿನವುಗಳಿಗೆ ನೆಲೆ ಹಾಕಿಕೊಡುತ್ತವೆಂಬ ನಿಲುವಿಗೆ ಅವರು ಬಂದರು.

ಇದಕ್ಕೆ ಎದುರಾದ ಸಾಕ್ಷ್ಯವನ್ನು 2004ರಲ್ಲಿ ಗ್ರೆಗರಿ ಜೆಫೆರಿಸ್, ಲಿಕುನ್ ಲುವೊ ಮತ್ತು ಸಂಗಡಿಗರು ಮಂಡಿಸಿದರು. ಸಂದೇಶವನ್ನು ಘ್ರಾಣಹಾಲೆಯಿಂದ ಮುಂದಕ್ಕೆ ಒಯ್ಯುವ ನರಕೋಶಗಳ ಗ್ರಾಹಕ ಕವಲುಗಳು, ಮೀಸೆಯ ತಂತುಗಳು ಒಳಹೊಗುವ ಮೊದಲೇ ತಂತಮ್ಮ ಸ್ಥಳಗಳಲ್ಲಿ ಹರಡಿಕೊಂಡಿರುತ್ತವೆ ಎಂದು ಅವರು ತೋರಿಸಿದರು.

ಆದರೆ ಎರಡೂ ನಿಲುವುಗಳನ್ನು ಒಂದೇ ಪ್ರಶ್ನೆಗೆ ದೊರೆತ ವಿರುದ್ಧ ಉತ್ತರಗಳೆಂದು ಓದಬೇಕಾಗಿಲ್ಲ. ಯಾವ ಕವಲು ಎಲ್ಲಿರಬೇಕೆಂಬ ಸ್ಥೂಲ ನಕ್ಷೆ ಒಂದು. ಆ ನಕ್ಷೆಯೊಳಗೆ ಗುಚ್ಛಗಳು ಪರಸ್ಪರ ಬೇರ್ಪಟ್ಟು ಗುಂಡಗಾಗುವ ಕ್ರಿಯೆ ಇನ್ನೊಂದು. ಮೊದಲನೆಯದನ್ನು ಕವಲುಗಳೂ ಎರಡನೆಯದನ್ನು ಮುಂಚೂಣಿಯ ತಂತುಗಳೂ ನಿರ್ವಹಿಸುತ್ತಿರಬಹುದು. ಮೊದಲು ಬಂದ ಮೀಸೆಯ ತಂತುಗಳು ಸೆಮಾಫೊರಿನ್ ಪ್ರೋಟೀನಿನ ಮೂಲಕ ತಡವಾಗಿ ಬಂದವುಗಳ ಜಾಗವನ್ನು ನಿಯಂತ್ರಿಸುತ್ತವೆ ಎಂಬ 2007ರ ಶೋಧವೂ, ಜೊತೆಗೂಡುವ ತಂತು ಮತ್ತು ಕವಲುಗಳು ಟೆನ್ಯೂರಿನ್ ಪ್ರೋಟೀನಿನ ಸಮಾನ ಪ್ರಮಾಣದಿಂದ ಪರಸ್ಪರ ಗುರುತಿಸಿಕೊಳ್ಳುತ್ತವೆ ಎಂಬ 2012ರ ಶೋಧವೂ ಈ ವಿಭಜನೆಗೆ ಪೂರಕವಾಗಿವೆ. ಆದರೂ ಇದನ್ನು ಎಚ್ಚರದಿಂದಲೇ ಹೇಳಬೇಕು. ಅಟೋನಲ್ ಕಣ್ಣಿನ ಬೆಳವಣಿಗೆಯಲ್ಲೂ ಪಾತ್ರವಹಿಸುವ ವಂಶವಾಹಿಯಾದ್ದರಿಂದ, ಅದು ಕೆಟ್ಟಾಗ ಕಾಣುವ ದೋಷಗಳನ್ನೆಲ್ಲ ತಂತುಗಳ ಅಭಾವಕ್ಕೇ ಹೊರಿಸಲಾಗದು. ಎರಡು ಕ್ರಿಯೆಗಳ ಕಾಲ ಭಾಗಶಃ ಹೊಂದಿಕೊಂಡಿದ್ದರೆ ಇವುಗಳ ನಡುವಿನ ಗೆರೆಯೂ ಮಸುಕಾಗುತ್ತದೆ.

ಮುಂಚೂಣಿಯ ತಂತುಗಳ ಪ್ರಭಾವ ನೇರವಾದುದೋ, ನರಗಳಿಗೆ ಆಸರೆಯಾದ ಗ್ಲಿಯಾ ಕೋಶಗಳ ಮೂಲಕವೋ ಎಂಬುದು ಇನ್ನೂ ಪರೀಕ್ಷೆಗೆ ಒಳಪಡಬೇಕಾಗಿದೆ. ಅಟೋನಲ್ ತಂತುಗಳನ್ನು ಮಾತ್ರ, ಕಣ್ಣನ್ನು ಮುಟ್ಟದೆ, ತಕ್ಕ ಹೊತ್ತಿನಲ್ಲಿ ತೆಗೆದುಹಾಕುವ ಪ್ರಯೋಗ ಈ ದಿಕ್ಕಿನಲ್ಲಿ ಹೆಚ್ಚು ನಿರ್ಣಾಯಕವಾದೀತು.