ಗಣಿಯ ಉಕ್ಕಿನ ಹಗ್ಗ

ನೆಲದಡಿಯ ಗಣಿಗೆ ಕಾರ್ಮಿಕರನ್ನು ಇಳಿಸುವುದಕ್ಕೂ ಅಲ್ಲಿಂದ ಅದಿರನ್ನು ಮೇಲೆತ್ತುವುದಕ್ಕೂ ಬಳಸುವ ತಂತಿಹಗ್ಗವನ್ನು ವೈಂಡಿಂಗ್ ರೋಪ್ ಎನ್ನುತ್ತಾರೆ. ಎಂಜಿನ್ನಿನ ಡ್ರಮ್ಮಿಗೆ ಸುತ್ತಿಕೊಂಡ ಈ ಹಗ್ಗ ಗಣಿಬಾಯಿಯ ಮೇಲಿನ ಗೋಪುರದ ರಾಟೆಯನ್ನು ಹಾಯ್ದು, ಶಾಫ್ಟ್ ಎಂಬ ಕಡಿದಾದ ಬಾವಿಯೊಳಗೆ ಇಳಿದು, ಜನ ನಿಲ್ಲುವ ಕೇಜನ್ನೋ ಅದಿರು ತುಂಬುವ ಸ್ಕಿಪ್ಪನ್ನೋ ಹೊರುತ್ತದೆ.

ಮೊದಲು ಈ ಕೆಲಸಕ್ಕೆ ನಾರಿನ ಹಗ್ಗ ಮತ್ತು ಕಬ್ಬಿಣದ ಸರಪಳಿ ಬಳಕೆಯಲ್ಲಿದ್ದವು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1829ರ ಸುಮಾರಿಗೆ ಸರಪಳಿಗಳ ಮೇಲೆ ಮತ್ತೆ ಮತ್ತೆ ಭಾರ ಹೇರಿ ಪರೀಕ್ಷಿಸಿ, 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಮಾಡಿದ ಹಗ್ಗವನ್ನು ಬಳಕೆಗೆ ತಂದನು. ಸರಪಳಿಯ ಒಂದು ಕೊಂಡಿ ತುಂಡಾದರೆ ಕೇಜು ಬಿದ್ದಂತೆಯೇ. ತಂತಿಹಗ್ಗದಲ್ಲಾದರೋ ಒಂದು ತಂತಿ ಮುರಿದರೆ ಅದರ ಪಾಲಿನ ಭಾರ ಉಳಿದ ತಂತಿಗಳಿಗೆ ಹಂಚಿಹೋಗುತ್ತದೆ. ಗಣಿ ಕಾರ್ಮಿಕರ ಜೀವ ಉಳಿಸಿದ್ದು ಈ ಗುಣವೇ ಆದರೂ, ಹಗ್ಗ ಹಳತಾಗುತ್ತಿರುವುದನ್ನು ಬಹುಕಾಲ ಮರೆಸುವುದೂ ಇದೇ ಗುಣ.

ಕರ್ನಾಟಕದಲ್ಲಿ ಈ ಹಗ್ಗಕ್ಕೆ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಬಂದ ಮೇಲೆ ಗಣಿಗಳು ಆಳವಾಗುತ್ತಲೇ ಹೋಗಿ, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಅಷ್ಟು ಆಳದಲ್ಲಿ ಹಗ್ಗಕ್ಕೆ ಹಗ್ಗವೇ ಭಾರ. 38 ಮಿಲಿಮೀಟರ್ ದಪ್ಪದ ಹಗ್ಗ ಮೀಟರಿಗೆ ಐದಾರು ಕಿಲೋ ತೂಗುವುದರಿಂದ, 2,000 ಮೀಟರ್ ಇಳಿಬಿಟ್ಟರೆ ಅದರ ತೂಕವೇ ಹತ್ತು ಟನ್ನನ್ನು ಮೀರುತ್ತದೆ. ಹಗ್ಗವನ್ನು ದಪ್ಪಗೊಳಿಸಿದರೆ ಬಲ ಹೆಚ್ಚಿದಷ್ಟೇ ಪ್ರಮಾಣದಲ್ಲಿ ತೂಕವೂ ಏರುವುದರಿಂದ ಅದು ಪರಿಹಾರವಾಗದು. ಆದ್ದರಿಂದ ಅಲ್ಲಿ ಗಿಫರ್ಡ್ ಶಾಫ್ಟಿನಂಥ ಮುಖ್ಯ ಬಾವಿಯಿಂದ ಒಂದು ಹಂತದವರೆಗೆ ಇಳಿದು, ನೆಲದೊಳಗೇ ತೋಡಿದ ಇನ್ನೊಂದು ಬಾವಿಯಲ್ಲಿ ಬೇರೆ ಎಂಜಿನ್ನು, ಬೇರೆ ಹಗ್ಗದಿಂದ ಮುಂದಕ್ಕೆ ಇಳಿಯುವ ವ್ಯವಸ್ಥೆ ಬೆಳೆಯಿತು.

ಆದರೂ ಕೇವಲ ಭಾರಕ್ಕೆ ಸೋತು ಹರಿಯುವ ಹಗ್ಗಗಳು ವಿರಳ. ಮುಖ್ಯ ಕಾರಣ ದಣಿವು, ಅಂದರೆ ಮತ್ತೆ ಮತ್ತೆ ಬಾಗಿ ನೆಟ್ಟಗಾಗುವುದರಿಂದ ಲೋಹದಲ್ಲಿ ಹುಟ್ಟುವ ಸೂಕ್ಷ್ಮ ಬಿರುಕು. ರಾಟೆ ಚಿಕ್ಕದಾದಷ್ಟೂ ಬಾಗು ಬಿಗಿಯಾಗುತ್ತದೆ, ಬಿರುಕು ಬೇಗ ಬೆಳೆಯುತ್ತದೆ. ಮುರಿದ ತಂತಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಬಹುಮಟ್ಟಿಗೆ ಗೊತ್ತಾಗುತ್ತದೆ: ದಣಿವಿನಿಂದ ಮುರಿದದ್ದು ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ, ಎಳೆತಕ್ಕೆ ಹರಿದದ್ದು ತುದಿಯಲ್ಲಿ ಸಣ್ಣಗಾಗಿರುತ್ತದೆ, ತುಕ್ಕು ಹಿಡಿದದ್ದರ ಮೈಮೇಲೆ ಗುಳಿಗಳಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ತುಕ್ಕಿಗೇ. ಗಣಿಯಿಂದ ಬಿಸಿಯಾದ ತೇವದ ಗಾಳಿ ಹೊರಬರುವ ಶಾಫ್ಟುಗಳಲ್ಲಿ ಅದು ಬೇಗ ಹರಡುತ್ತದೆ. ಎಳೆಗಳ ನಡುವಿನ ನಾರಿನ ತಿರುಳಿನಲ್ಲಿ ಗ್ರೀಸು ಒಣಗಿದರೆ ಹೊರಮೈ ಹೊಳೆಯುತ್ತಿರುವಾಗಲೇ ಒಳಗಿನ ತಂತಿಗಳು ಸವೆಯುತ್ತವೆ. ಡ್ರಮ್ಮಿನ ಮೇಲೆ ಒಂದು ಸುತ್ತು ಇನ್ನೊಂದನ್ನು ದಾಟುವ ಕಡೆ ಹಗ್ಗ ಜಜ್ಜಿಹೋಗುವುದೂ ಉಂಟು. ಇವಲ್ಲದೆ, ಇಳಿಯುವ ಕೇಜು ಶಾಫ್ಟಿನಲ್ಲಿ ಸಿಕ್ಕಿಕೊಂಡಾಗ ಮೇಲೆ ಹಗ್ಗ ಸಡಿಲಗೊಳ್ಳುತ್ತದೆ. ಕೇಜು ಬಿಡಿಸಿಕೊಂಡು ಬಿದ್ದರೆ ಆ ಒಂದೇ ಜಗ್ಗಿಗೆ ಗಟ್ಟಿ ಹಗ್ಗವೂ ಹರಿಯಬಲ್ಲದು.

ಕೇಜಿಗೆ ಸೇರುವ ತುದಿಯಲ್ಲಿ ಕ್ಯಾಪೆಲ್ ಎಂಬ ಲೋಹದ ಹಿಡಿಕೆಯಿರುತ್ತದೆ. ಹಗ್ಗದ ಅದುರಾಟವೆಲ್ಲ ಅಲ್ಲಿಗೆ ಬಂದು ನಿಲ್ಲುವುದರಿಂದ ತಂತಿಗಳು ಅಲ್ಲಿ ಹೆಚ್ಚಾಗಿ ಮುರಿಯುತ್ತವೆ. ಆದ್ದರಿಂದ ಆರು ತಿಂಗಳಿಗೊಮ್ಮೆಯಾದರೂ ತುದಿಯನ್ನು ಕತ್ತರಿಸಿ ಹೊಸದಾಗಿ ಕ್ಯಾಪೆಲ್ ಹಾಕುವುದು ರೂಢಿ. ಹಾಗೆ ಮಾಡಿದಾಗ ರಾಟೆಯ ಮೇಲೆ ಬಾಗುವ ಮತ್ತು ಡ್ರಮ್ಮಿನ ಮೇಲೆ ಜಜ್ಜುವ ಜಾಗಗಳೂ ಸರಿದು, ಒಂದೇ ಕಡೆ ಪೆಟ್ಟು ಬೀಳುವುದು ತಪ್ಪುತ್ತದೆ.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಆಳದ ಚಿನ್ನದ ಗಣಿಗಾರಿಕೆ ಮುಂದುವರಿದಿದೆ. ಹಗ್ಗವನ್ನು ಕಾಂತಕ್ಷೇತ್ರದ ಮೂಲಕ ಹಾಯಿಸಿ ಒಳಗಿನ ಮುರಿದ ತಂತಿಗಳನ್ನು ಗುರುತಿಸುವ ಉಪಕರಣಗಳು ಈಗ ಲಭ್ಯವಿವೆ. ಆದರೆ ಅವು ಕ್ಯಾಪೆಲ್ಲಿನೊಳಗೆ ಹುದುಗಿದ ಭಾಗವನ್ನು ತಲುಪಲಾರವು. ಹೀಗಾಗಿ ಕತ್ತರಿಸಿದ ತುಂಡಿನ ಎಳೆಗಳನ್ನು ಬಿಚ್ಚಿ ಕಣ್ಣಾರೆ ನೋಡುವ ಹಳೆಯ ಪದ್ಧತಿ ಇನ್ನೂ ಬಳಕೆಯಲ್ಲಿದೆ.