ಬಿರುಕುಬಿಟ್ಟ ಬಾಯ್ಲರ್, ಎಂಟು ರಿಯಾಕ್ಟರ್

ಹಮ್ಮಿಗಿ ಸೀಮೆಯಲ್ಲಿ ಪಂಪ್‌ಸೆಟ್ ಕೆಟ್ಟರೆ ಸಾಮಾನು ತರಲು ಮುಂಡರಗಿಗೆ ಓಡುತ್ತೇವೆ, ಅಲ್ಲಿ ಸಿಗದಿದ್ದರೆ ಗದಗಿಗೆ. ಅಲ್ಲಿಯತನಕ ಬೆಳೆ ಬಾಡುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗಲೂ ಇದೇ ಕತೆ. ಬದಲಿ ಗೇಟು ಸಿದ್ಧ ಇರಲಿಲ್ಲ. ಉಕ್ಕಿನ ಸ್ಟಾಪ್‌ಲಾಗ್ ಮಾಡಿಸಿ ಇಳಿಸಲು ವಾರ ಹಿಡಿಯಿತು. ನಮ್ಮ ಬ್ಯಾರೇಜು ದಾಟಿ ಹೋಗಿ ಅಲ್ಲಿ ನಿಂತಿದ್ದ ನೀರು ಕಣ್ಣೆದುರೇ ಖಾಲಿಯಾಯಿತು.

1971ರಲ್ಲಿ ಇಂಥದೇ ಪೇಚಿಗೆ ಸಿಕ್ಕದ್ದು ನಮ್ಮ ದೇಶದ ಅತಿ ದೊಡ್ಡ ಯುದ್ಧನೌಕೆ, ಐಎನ್‌ಎಸ್ ವಿಕ್ರಾಂತ್.

ಅದು ವಿಮಾನವಾಹಕ ನೌಕೆ. ಅಂದರೆ ಸಮುದ್ರದ ಮೇಲೆ ತೇಲುವ ವಿಮಾನ ನಿಲ್ದಾಣ. ಬ್ರಿಟಿಷರು ಅರ್ಧಕ್ಕೇ ಬಿಟ್ಟಿದ್ದ ಹಡಗನ್ನು ಭಾರತ 1957ರಲ್ಲಿ ಕೊಂಡು ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ಸೇವೆಗೆ ಸೇರಿಸಿತು. ಎಣ್ಣೆ ಸುಟ್ಟು ನೀರು ಕುದಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸಿ ಓಡುವ ಹಡಗು. ಅದೇ ವರ್ಷದ ನವೆಂಬರ್ 25ರಂದು ಅಮೆರಿಕ ಜಗತ್ತಿನ ಮೊದಲ ಅಣುಚಾಲಿತ ವಿಮಾನವಾಹಕ ಎಂಟರ್‌ಪ್ರೈಸ್ ಅನ್ನು ಸೇವೆಗಿಳಿಸಿತು. ಅದರೊಳಗೆ ಎಂಟು ರಿಯಾಕ್ಟರ್. ಅಣುಶಕ್ತಿ ಎಂದಾಕ್ಷಣ ಏನೋ ಮಾಯೆ ಅನ್ನಿಸುತ್ತದೆ, ಆದರೆ ಅಲ್ಲಿಯೂ ಟರ್ಬೈನ್ ತಿರುಗಿಸುವುದು ಹಬೆಯೇ. ನಮ್ಮ ಕೈಗಾದಲ್ಲೂ ಹಾಗೇ. ಒಲೆ ಮಾತ್ರ ಬೇರೆ.

1970ರ ಜೂನ್‌ನಲ್ಲಿ ವಿಕ್ರಾಂತ್ ಮುಂಬಯಿಯ ಡಾಕ್‌ಯಾರ್ಡ್ ಸೇರಿತು. ಬಾಯ್ಲರ್‌ಗಳ ನೀರಿನ ಡ್ರಮ್ಮುಗಳಲ್ಲಿ ಬಿರುಕು ಕಂಡಿತ್ತು. ವೆಲ್ಡಿಂಗ್‌ಗೆ ಬಗ್ಗುವ ಬಿರುಕಲ್ಲ. ಬದಲಿ ಡ್ರಮ್ ದೇಶದಲ್ಲಿ ಸಿಗದೆ ಬ್ರಿಟನ್ನಿಗೆ ನಾಲ್ಕು ಡ್ರಮ್‌ಗೆ ಆರ್ಡರ್ ಹೋಯಿತು, ಮುಂದಿನ ಆದೇಶದವರೆಗೆ ಬಾಯ್ಲರ್ ಹೊತ್ತಿಸಬಾರದೆಂದು ಕಟ್ಟಪ್ಪಣೆಯಾಯಿತು. ಅಷ್ಟರಲ್ಲಿ ಪೂರ್ವ ಪಾಕಿಸ್ತಾನ ಹೊತ್ತಿ ಉರಿಯತೊಡಗಿತು. 1965ರ ಯುದ್ಧದಲ್ಲೂ ವಿಕ್ರಾಂತ್ ದುರಸ್ತಿಯಲ್ಲೇ ಇತ್ತು, ಇನ್ನೊಮ್ಮೆ ಹಾಗಾಗುವುದು ನೌಕಾಪಡೆಗೆ ಬೇಡವಾಗಿತ್ತು.

ಹೊಸ ಡ್ರಮ್ ಬಂದಿರಲಿಲ್ಲ. 1971ರ ಮಾರ್ಚ್ 1ರಂದು ಹಳೆಯವನ್ನೇ ಕಡಿಮೆ ಒತ್ತಡದಲ್ಲಿ ಹೊತ್ತಿಸಿದರು. ಪರೀಕ್ಷೆಗಳ ನಂತರ ವೇಗವನ್ನು 14 ನಾಟ್‌ಗೆ, ಅಂದರೆ ಗಂಟೆಗೆ 26 ಕಿಲೋಮೀಟರಿಗೆ ಕಟ್ಟಿಹಾಕಿದರು. ಹೊಲದಿಂದ ಟ್ರಾಲಿ ಎಳೆದು ಬರುವ ಟ್ರ್ಯಾಕ್ಟರಿನ ವೇಗ. ಇದು ಬರೀ ತಡವಾಗಿ ಮುಟ್ಟುವ ಮಾತಲ್ಲ. ಹಡಗು ಗಾಳಿಗೆ ಎದುರಾಗಿ ಓಡಿದಷ್ಟೂ ವಿಮಾನ ಏರುವುದು ಸುಲಭ, ಹಡಗು ನಿಧಾನವಾದರೆ ವಿಮಾನಕ್ಕೂ ಕಷ್ಟ. ಜತೆಗೆ ಕೆಳಗೆ ಬಾಯ್ಲರ್ ಕೋಣೆಯಲ್ಲಿ ನಿಂತವರು ಬಿರುಕಿನ ಪಕ್ಕದಲ್ಲೇ ಕೆಲಸ ಮಾಡಬೇಕು. ಯುದ್ಧದ ಇತಿಹಾಸದಲ್ಲಿ ಪೈಲಟ್‌ಗಳ ಹೆಸರು ಬರುತ್ತದೆ, ಇವರದು ಬರುವುದು ಕಡಿಮೆ.

ಡಿಸೆಂಬರ್ 4ರಂದು ವಿಕ್ರಾಂತ್‌ನಿಂದ ಹಾರಿದ ಸೀಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ತಿಂಗಳ ನಡುವೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಕಳಿಸಿದ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೆ ಬಂತು. ಒಂದೇ ವರ್ಷ ಸೇವೆಗಿಳಿದ ಎರಡು ಹಡಗು ಒಂದೇ ಕೊಲ್ಲಿಯಲ್ಲಿ, ಒಂದಕ್ಕೆ ಎಂಟು ರಿಯಾಕ್ಟರ್, ಇನ್ನೊಂದಕ್ಕೆ ಒಡೆದ ಡ್ರಮ್. ಕೈ ಕೈ ಮಿಲಾಯಿಸುವ ಪ್ರಸಂಗ ಬರಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು.

ಆ ಎಂಟರ್‌ಪ್ರೈಸ್‌ಗೂ ಮುಪ್ಪಿನಲ್ಲಿ ಬಿಡಿಭಾಗದ ಕಾಟ ತಪ್ಪಲಿಲ್ಲ. ಅದೇ ನಮೂನೆಯ ಇನ್ನಷ್ಟು ಹಡಗು ಕಟ್ಟುವ ಯೋಜನೆ ಖರ್ಚಿಗೆ ಹೆದರಿ ನಿಂತುಹೋಗಿತ್ತು, ಹಾಗಾಗಿ ಅದು ಒಂಟಿ. ಇನ್ನೊಂದರಿಂದ ಬಿಚ್ಚಿ ಹಾಕಿಕೊಳ್ಳೋಣ ಎಂದರೆ ಇನ್ನೊಂದೇ ಇಲ್ಲ.

ಭಾರತದ ಹತ್ತಿರ ಅಣುಚಾಲಿತ ವಿಮಾನವಾಹಕ ಇಂದಿಗೂ ಇಲ್ಲ. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದ ವಿಕ್ರಮಾದಿತ್ಯವೂ ಹಬೆಯದೇ. ರಷ್ಯಾದಲ್ಲಿ 2012ರ ಪರೀಕ್ಷೆಯ ವೇಳೆ ಒಲೆಯ ಇಟ್ಟಿಗೆ ತಾಳದೆ ಅದರ ಬಾಯ್ಲರ್‌ಗಳು ಕೈಕೊಟ್ಟು, ಒಂದು ವರ್ಷ ತಡವಾಯಿತು. 2022ರಲ್ಲಿ ಕೊಚ್ಚಿಯಲ್ಲಿ ಸೇವೆ ಸೇರಿದ ಹೊಸ ವಿಕ್ರಾಂತ್‌ಗೆ ಬಾಯ್ಲರ್ರೇ ಇಲ್ಲ. ಅದರ ನಾಲ್ಕು ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ವಿನ್ಯಾಸದವು, ಬಂದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಿಂದ.

ಹಳೆಯ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, 2014ರಲ್ಲಿ ಗುಜರಿಗೆ ಹೋಯಿತು. ಅದರ ಉಕ್ಕನ್ನು ಕೊಂಡ ಬಜಾಜ್ ಕಂಪನಿ 2016ರಲ್ಲಿ ‘ವಿ’ ಬೈಕು ತಂದಿತು. ಆ ಬೈಕೂ ಈಗ ತಯಾರಾಗುತ್ತಿಲ್ಲ.