ಅತ್ತರಿನ ಸೀಸೆ

ತೆಲಸಂಗದ ನಮ್ಮ ಓಣಿಯಲ್ಲಿ ಮಯ್ಯತ್ ಆದರೆ ಕಫನ್ ಬಟ್ಟೆಯ ಜೊತೆ ಕರ್ಪೂರ ಮತ್ತು ಒಂದು ಸಣ್ಣ ಸೀಸೆ ಅತ್ತರು ತರುತ್ತೇವೆ. ಅತ್ತರು ಕಫನ್ನಿನೊಂದಿಗೆ ಹೋಗುತ್ತದೆ, ಸೀಸೆ ಮನೆಯಲ್ಲಿ ಉಳಿಯುತ್ತದೆ. ಪ್ರಾಚೀನ ಗ್ರೀಕರದ್ದು ಇದಕ್ಕೆ ತಿರುಗುಮುರುಗು. ಅವರು ಸುಗಂಧವನ್ನು ಸೀಸೆಯ ಸಮೇತ ಗೋರಿಯಲ್ಲಿ ಇಡುತ್ತಿದ್ದರು. ಎರಡು ಸಾವಿರದ ಐನೂರು ವರ್ಷ ಹಳೆಯ ಆ ಸೀಸೆಗಳು ಒಡೆಯದೆ ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುವುದಕ್ಕೆ ಮುಖ್ಯ ಕಾರಣ ಇದೇ.

ಕ್ರಿ.ಪೂ. 6ನೇ ಶತಮಾನದಲ್ಲಿ ಗಾಜನ್ನು ಊದುವ ವಿದ್ಯೆ ಇನ್ನೂ ಬಂದಿರಲಿಲ್ಲ. ಅದು ಸಿರಿಯಾ-ಫೆಲೆಸ್ತೀನ್ ಸೀಮೆಯಲ್ಲಿ ಹುಟ್ಟಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ. ಹಾಗಾಗಿ ಕುಶಲಕರ್ಮಿ ಲೋಹದ ಸರಳಿನ ತುದಿಗೆ ಜೇಡಿಮಣ್ಣು, ಮರಳು ಕಲೆಸಿದ ಮುದ್ದೆಯನ್ನು ಮೆತ್ತಿ (ಸಗಣಿಯೂ ಇತ್ತೆಂದು ಕೆಲವರು ಹೇಳುತ್ತಾರೆ, ಮನೆ ಸಾರಿಸಿ ಬಲ್ಲ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ) ಅದರ ಮೇಲೆ ಕರಗಿದ ಗಾಜನ್ನು ಹೊದಿಸುತ್ತಿದ್ದ. ಕಡುನೀಲಿ ಮೈಗೆ ಹಳದಿ, ಬಿಳಿ ಗಾಜಿನ ಎಳೆಗಳನ್ನು ಸುತ್ತಿ, ಬಿಸಿ ಆರುವ ಮೊದಲೇ ಮೊನೆಯಿಂದ ಮೇಲೆ ಕೆಳಗೆ ಎಳೆದರೆ ಅಲೆಯಲೆಯಾದ ಚಿತ್ತಾರ ಮೂಡುತ್ತಿತ್ತು. ತಣಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು. ಹೆಚ್ಚಿನವು ಗೇಣಿಗಿಂತ ಚಿಕ್ಕವು. ಉದ್ದನೆಯದು ಅಲಬಾಸ್ಟ್ರಾನ್, ದುಂಡನೆಯದು ಅರಿಬಲ್ಲೋಸ್. ಒಳಗಿದ್ದದ್ದು ಈಗಿನ ಸ್ಪಿರಿಟ್ ಸೆಂಟಲ್ಲ, ಹೂವು-ಬೇರುಗಳ ವಾಸನೆ ಹೀರಿದ ಎಣ್ಣೆ. ಗಂಧದೆಣ್ಣೆಯ ಮೇಲೆ ನಿಂತ ನಮ್ಮ ಅತ್ತರಿಗೆ ಅದು ಹತ್ತಿರದ ನೆಂಟ.

ದಖ್ಖನ್ನಿಗೂ ಈ ಸರಕಿನ ದಾರಿ ಇತ್ತು. ಕ್ರಿ.ಶ. 1ನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಭರೂಚ್ ಬಂದರಿಗೆ ಬರುತ್ತಿದ್ದ ಮಾಲುಗಳಲ್ಲಿ ಕಚ್ಚಾ ಗಾಜನ್ನೂ, ಅಗ್ಗದ ಸುಗಂಧವನ್ನು ಸ್ವಲ್ಪ ಪ್ರಮಾಣದಲ್ಲೂ ಹೆಸರಿಸುತ್ತದೆ. ಉತ್ತಮ ದರ್ಜೆಯದು ರಾಜನಿಗೆ ಮಾತ್ರ! ಭರೂಚಿನೊಡನೆ ವ್ಯಾಪಾರವಿದ್ದ ಒಳನಾಡಿನ ಪೇಟೆಗಳೆಂದು ಪೈಠಣ, ತೇರ್‌ಗಳನ್ನೂ ಅದು ಹೇಳುತ್ತದೆ. ನಮಗೆ ಇನ್ನೂ ಹತ್ತಿರದ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಪುಟ್ಟ ಮೂರ್ತಿ ಸಿಕ್ಕಿತು.

ನಾವು ದಿನವೂ ಆಡುವ ಮಾತುಗಳು ಮಾತ್ರ ಬೇರೆ ದಾರಿಯಿಂದ ಬಂದವು. ಸೀಸೆ ಫಾರಸಿಯ ‘ಶೀಶಾ’, ಅಂದರೆ ಗಾಜು. ಅತ್ತರು ಅರಬಿಯ ‘ಇತ್ರ್’. ಪಕ್ಕದ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ (1580-1627) ಸುಗಂಧದ ಮೇಲೆಯೇ ‘ಇತ್ರ್-ಎ-ನೌರಸ್‌ಶಾಹಿ’ ಎಂಬ ಫಾರಸಿ ಗ್ರಂಥ ಹುಟ್ಟಿತು. ಅರಮನೆಯ ಅತ್ತರಿಗೆ ಗ್ರಂಥ ಸಿಕ್ಕಿತು, ನಮ್ಮಂಥ ಮನೆಗಳ ಸೀಸೆಗಳಿಗೆ ಗುಜರಿಯವನ ತಕ್ಕಡಿ. ಮುಚ್ಚಳ ಕಳೆದದ್ದು, ಬಾಯಿ ಚಕ್ಕೆ ಹಾರಿದ್ದು, ಎಲ್ಲವನ್ನೂ ನಾವೇ ಕೊಟ್ಟು ಬೆಳ್ಳುಳ್ಳಿ ತೆಗೆದುಕೊಂಡಿದ್ದೇವೆ.

ನಮ್ಮ ದಾದಿಯ ಮಯ್ಯತ್ತಿಗೆ ತಂದ ಸೀಸೆಯೊಂದು ಹೇಗೋ ಉಳಿದಿದೆ. ಅದರಲ್ಲೀಗ ಹೊಲಿಗೆ ಯಂತ್ರದ ಎಣ್ಣೆ.